ಮಳೆಗಾಲದಲ್ಲೂ ಬೂಷ್ಟಿಲ್ಲದೆ ಒಣಗಿಸಲು ಹೀಟ್ ಪಂಪ್ ಡ್ರೈಯರ್: ಕೊಳ್ಳುವ ಮುಂಚೆ, ಕೊಂಡ ಮೇಲೆ

ಜೂನ್ ಕೊನೆಯ ವಾರ. ಜಾಯಿಕಾಯಿ ಬಾಯಿ ಬಿಟ್ಟು ಉದುರುತ್ತಿರುತ್ತದೆ. ಕೆಂಪನೆಯ ಪತ್ರೆ ಬಿಡಿಸಿ ಗೆರಸೆಯಲ್ಲಿ ಹರವಿದರೆ ಮೂರನೇ ದಿನಕ್ಕೆ ಬೂಷ್ಟು. ಕೊನೆಯ ಹಲಸಿನಕಾಯಿಯ ಹಪ್ಪಳ ಅರ್ಧ ಒಣಗಿ ನಿಂತಿರುತ್ತದೆ. ಮಲೆನಾಡು, ಕರಾವಳಿಯ ಮನೆಗಳಿಗೆ ಇದು ಹೊಸದಲ್ಲ. ಒಲೆಯ ಮೇಲಿನ ಅಟ್ಟವೇ ಗತಿ. ಅಟ್ಟದಲ್ಲಿ ಒಣಗುತ್ತದೆ, ಆದರೆ ಹೊಗೆ ವಾಸನೆ ಹತ್ತುತ್ತದೆ, ಬಣ್ಣ ಕಪ್ಪಾಗುತ್ತದೆ. ಕೊಳ್ಳುವವರು ಅದನ್ನೇ ತೋರಿಸಿ ಬೆಲೆ ಇಳಿಸುತ್ತಾರೆ.

ಈಗ ಹೀಟ್ ಪಂಪ್ ಡ್ರೈಯರ್‌ಗಳು ಸಣ್ಣ ಅಳತೆಯಲ್ಲೂ ಸಿಗುತ್ತಿವೆ. ಕರೆಂಟ್ ಖರ್ಚು ಕಡಿಮೆ ಎನ್ನುವುದು ಎಲ್ಲ ಮಾರಾಟಗಾರರ ಮಾತು. ಮಾತು ಸುಳ್ಳಲ್ಲ. ಆದರೆ ಯಂತ್ರ ತಂದಿಟ್ಟ ಕೂಡಲೇ ಕರೆಂಟ್ ಉಳಿಯುವುದಿಲ್ಲ. ಉಳಿಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಒಂದೇ ಅಳತೆ ಸಾಕು: ಒಂದು ಯೂನಿಟ್ ಕರೆಂಟಿಗೆ ಎಷ್ಟು ಲೀಟರ್ ನೀರು ಹೊರಗೆ ಬಂತು? ಈ ಲೇಖನದ ಎಲ್ಲ ಹಂತಗಳೂ ಈ ಲೆಕ್ಕಕ್ಕೇ ಸೇರುತ್ತವೆ.

ಇದು ಕೆಲಸ ಮಾಡುವುದು ಹೇಗೆ?

ಫ್ರಿಜ್ ಒಳಗೆ ತಣ್ಣಗಿರುತ್ತದೆ, ಹಿಂಭಾಗ ಮುಟ್ಟಿದರೆ ಬಿಸಿ. ಒಳಗಿನ ಶಾಖವನ್ನು ಹೊರಗೆ ಎತ್ತಿ ಹಾಕುವುದೇ ಅದರ ಕೆಲಸ. ಹೀಟ್ ಪಂಪ್ ಡ್ರೈಯರ್ ಇದೇ ಕೆಲಸದ ಎರಡೂ ತುದಿಗಳನ್ನು ಬಳಸಿಕೊಳ್ಳುತ್ತದೆ. ಟ್ರೇಗಳ ಮೇಲೆ ಹಾದು ಬಂದ ಒದ್ದೆ ಗಾಳಿ ಮೊದಲು ತಣ್ಣನೆಯ ಕಾಯಿಲ್‌ಗೆ ತಾಗುತ್ತದೆ. ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿ ಕಟ್ಟುತ್ತದಲ್ಲ, ಹಾಗೆ ಅಲ್ಲಿ ನೀರು ಹನಿಯಾಗಿ ಇಳಿದು ಪೈಪಿನಿಂದ ಹೊರಗೆ ಹೋಗುತ್ತದೆ. ಒಣಗಿದ ಆ ಗಾಳಿ ಮುಂದೆ ಬಿಸಿ ಕಾಯಿಲ್ ದಾಟಿ ಮತ್ತೆ ಟ್ರೇಗಳ ಕಡೆ ಬರುತ್ತದೆ.

ಲಾಭ ಇರುವುದು ಇಲ್ಲಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್‌ನಷ್ಟು ಶಾಖ ಬೇಕು. ಸಾಮಾನ್ಯ ಹೀಟರ್ ಡ್ರೈಯರ್ ಆ ಶಾಖವನ್ನು ಆವಿಯ ಜೊತೆಗೇ ಹೊರಗೆ ಬಿಡುತ್ತದೆ. ಗೋಡೆಯಿಂದ, ಬಾಗಿಲಿನಿಂದ ಸೋರುವ ಬಿಸಿಯೂ ಸೇರಿದರೆ ಲೀಟರಿಗೆ ಒಂದೂವರೆ ಯೂನಿಟ್ ಸುಲಭವಾಗಿ ಖರ್ಚಾಗುತ್ತದೆ. ಆವಿ ಮತ್ತೆ ನೀರಾಗುವಾಗ ತಾನು ಪಡೆದ ಶಾಖವನ್ನು ವಾಪಸ್ ಕೊಡುತ್ತದೆ. ಹೀಟ್ ಪಂಪ್ ಅದನ್ನು ಹಿಡಿದು ಮರುಬಳಕೆ ಮಾಡುತ್ತದೆ. ಚೆನ್ನಾಗಿ ಓಡಿಸಿದರೆ ಒಂದು ಯೂನಿಟ್‌ಗೆ ಒಂದೂವರೆಯಿಂದ ಎರಡು ಲೀಟರ್ ನೀರು ತೆಗೆಯಬಹುದು. ಪ್ರಯೋಗಾಲಯದಲ್ಲಿ ಇನ್ನೂ ಜಾಸ್ತಿ ಬಂದದ್ದೂ ಇದೆ. ನಿಮ್ಮ ಲೆಕ್ಕಕ್ಕೆ ಒಂದೂವರೆ ಹಿಡಿದುಕೊಳ್ಳಿ.

ಮಳೆಗಾಲಕ್ಕೆ ಇನ್ನೊಂದು ಲಾಭ ಇದೆ. ಹೊರಗೆ 25 ಡಿಗ್ರಿ, ಗಾಳಿಯ ತೇವಾಂಶ ಶೇ. 90 ಎಂದುಕೊಳ್ಳಿ. ಆ ಗಾಳಿಯನ್ನು ಸುಮ್ನೆ 40 ಡಿಗ್ರಿಗೆ ಕಾಯಿಸಿದರೆ ತೇವಾಂಶ ಶೇ. 39ರ ಹತ್ತಿರ ಬರುತ್ತದೆ. ಮೊದಲು 15 ಡಿಗ್ರಿಗೆ ತಣಿಸಿ, ನೀರು ತೆಗೆದು, ಆಮೇಲೆ 40ಕ್ಕೆ ಕಾಯಿಸಿದರೆ ಶೇ. 23. ಅಂದರೆ ಕಡಿಮೆ ಬಿಸಿಯಲ್ಲೂ ಗಾಳಿಗೆ ನೀರು ಹೀರುವ ಹಸಿವು ಇರುತ್ತದೆ. ಜಾಯಿಪತ್ರೆ, ಏಲಕ್ಕಿ, ತುಳಸಿ, ಪುದೀನದಂತಹ ಬಣ್ಣ ಮತ್ತು ಪರಿಮಳವೇ ಬೆಲೆಯಾಗಿರುವ ಮಾಲಿಗೆ ಈ ಯಂತ್ರ ಒಗ್ಗುವುದು ಇದಕ್ಕೇ.

ಹಂತ 1: ಯಂತ್ರ ನೋಡುವ ಮೊದಲು ನೀರಿನ ಲೆಕ್ಕ ಹಾಕಿ

ಇದನ್ನು ಬಿಟ್ಟು ಅಂಗಡಿಗೆ ಹೋಗಬೇಡಿ. ಒಂದು ಕಾಗದ, ಒಂದು ಅಡುಗೆಮನೆ ತಕ್ಕಡಿ ಸಾಕು.

ಬಾಳೆಹಣ್ಣನ್ನೇ ತೆಗೆದುಕೊಳ್ಳೋಣ. ಸಿಪ್ಪೆ ಸುಲಿದ 100 ಕೆಜಿ ಹಣ್ಣಿನಲ್ಲಿ ಸುಮಾರು 75 ಕೆಜಿ ನೀರು, 25 ಕೆಜಿ ಗಟ್ಟಿ ಪದಾರ್ಥ ಇರುತ್ತದೆ. ಸುಕೇಳಿಯ (ಒಣಗಿಸಿದ ಬಾಳೆಹಣ್ಣಿನ) ಹದಕ್ಕೆ ಒಣಗಿದಾಗ ನೀರಿನಂಶ ಶೇ. 20 ಇರಲಿ ಎಂದುಕೊಳ್ಳೋಣ. ಆಗ ಆ 25 ಕೆಜಿ ಎನ್ನುವುದು ಒಣಗಿದ ತೂಕದ ಶೇ. 80. ಅಂದರೆ ಒಣಗಿದ ತೂಕ 31 ಕೆಜಿ ಚಿಲ್ಲರೆ. ತೆಗೆಯಬೇಕಾದ ನೀರು ಸುಮಾರು 69 ಲೀಟರ್.

ಹೀಟರ್ ಡ್ರೈಯರ್‌ನಲ್ಲಿ ಲೀಟರಿಗೆ ಒಂದೂವರೆ ಯೂನಿಟ್ ಲೆಕ್ಕದಲ್ಲಿ 103 ಯೂನಿಟ್ ಆಯಿತು. ಹೀಟ್ ಪಂಪಿನಲ್ಲಿ ಯೂನಿಟ್‌ಗೆ ಒಂದೂವರೆ ಲೀಟರ್ ಲೆಕ್ಕದಲ್ಲಿ 46 ಯೂನಿಟ್. ಅರ್ಧಕ್ಕಿಂತ ಕಡಿಮೆ. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ. ಮಳೆಗಾಲದಲ್ಲಿ ಎಷ್ಟು ಬ್ಯಾಚ್ ಆಗಬಹುದು ಎಂದು ನೋಡಿ. ಯಂತ್ರದ ಹೆಚ್ಚುವರಿ ಬೆಲೆ ಎಷ್ಟು ವರ್ಷಕ್ಕೆ ಹುಟ್ಟುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.

ಏಲಕ್ಕಿಯಲ್ಲಿ ಶೇ. 80ರಷ್ಟು ನೀರಿದ್ದು ಶೇ. 10ಕ್ಕೆ ಇಳಿಸುವುದಾದರೆ 100 ಕೆಜಿ ಹಸಿ ಕಾಯಿಗೆ 22 ಕೆಜಿ ಒಣ ಕಾಯಿ. 78 ಲೀಟರ್ ನೀರು ಹೋಗಬೇಕು.

ನಿಮ್ಮ ಮಾಲಿನ ನೀರಿನಂಶ ಗೊತ್ತಿಲ್ಲವೇ? ಸಣ್ಣಗೆ ಹೆಚ್ಚಿ ಸರಿಯಾಗಿ 100 ಗ್ರಾಂ ತೂಗಿ. ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರವಿ ಓವನ್‌ನಲ್ಲಿ 105 ಡಿಗ್ರಿಯಲ್ಲಿಡಿ. ಗಂಟೆಗೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಉಳಿದದ್ದೇ ಗಟ್ಟಿ ಪದಾರ್ಥ. 28 ಗ್ರಾಂ ಉಳಿದರೆ ನೀರು ಶೇ. 72. ಈ ಒಂದು ಅಂಕಿ ಮುಂದೆ ಪ್ರತಿ ಹಂತದಲ್ಲೂ ಕೆಲಸಕ್ಕೆ ಬರುತ್ತದೆ.

ಹಂತ 2: ನಿಮಗೆ ನಿಜವಾಗಿ ಬೇಕಾ?

ಜನವರಿಯಿಂದ ಮೇವರೆಗೆ ಅಂಗಳದಲ್ಲಿ ಬೀಳುವ ಬಿಸಿಲಿಗೆ ಯಾವ ಯಂತ್ರವೂ ಸಾಟಿಯಲ್ಲ. ಮೆಣಸು, ಅಡಿಕೆ ಹೆಚ್ಚಾಗಿ ಬಿಸಿಲಿನ ತಿಂಗಳುಗಳಲ್ಲೇ ಒಣಗುತ್ತವೆ. ಬರೀ ಅವುಗಳಿಗಾಗಿ ಹೀಟ್ ಪಂಪ್ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸೋಲಾರ್ ಟನಲ್ ಡ್ರೈಯರ್ ಇದ್ದರೆ ಧಾರಾಳ ಸಾಕು. ನಿಮ್ಮದೇ ತೋಟದ ಸೌದೆ ಇದ್ದು, ನಿಮ್ಮ ಮಾಲಿಗೆ ಹೊಗೆಯ ತೊಂದರೆ ಇಲ್ಲದಿದ್ದರೆ ಸೌದೆ ಡ್ರೈಯರ್ ಖರ್ಚಿನಲ್ಲಿ ಗೆಲ್ಲುತ್ತದೆ. ರಾತ್ರಿ ಎದ್ದು ಸೌದೆ ಒಟ್ಟಲು ಜನ ಬೇಕು, ಅಷ್ಟೇ.

ಹೀಟ್ ಪಂಪ್‌ಗೆ ಅರ್ಥ ಬರುವುದು ಮೂರು ಸಂಗತಿ ಕೂಡಿದಾಗ. ಮಾಲು ಮಳೆಯಲ್ಲೇ ಬರಬೇಕು. ಬಣ್ಣ, ಪರಿಮಳಕ್ಕೆ ಬೆಲೆ ಇರಬೇಕು. ವರ್ಷದಲ್ಲಿ ನೂರು ದಿನವಾದರೂ ಯಂತ್ರ ಓಡಬೇಕು. ಜಾಯಿಪತ್ರೆ ಮುಗಿದ ಮೇಲೆ ಏಲಕ್ಕಿ, ನಡುವೆ ಬಾಳೆ, ಮೊದಲ ಮಳೆಗೆ ಸಿಕ್ಕಿಬೀಳುವ ಮುರುಗಲು (ಕೋಕಂ), ಹಲಸಿನ ತೊಳೆ ಎಂದು ಸರಣಿ ಇಟ್ಟುಕೊಳ್ಳಬೇಕು. ಒಬ್ಬರಿಗೆ ಅಷ್ಟು ಮಾಲು ಇಲ್ಲದಿದ್ದರೆ ನಾಲ್ಕು ಮನೆಯವರು, ಇಲ್ಲವೇ ಸ್ವಸಹಾಯ ಸಂಘದವರು ಸೇರಿ ತರುವುದು ಒಳ್ಳೆಯದು. 2021ರಲ್ಲಿ ಬಾಳೆಕಾಯಿ ಹುಡಿ, ಅಂದರೆ ಬಾಕಾಹು ಮಾಡಲು ಉತ್ತರ ಕನ್ನಡದ ಕಡೆಯ ಎಷ್ಟೋ ಮನೆಗಳಲ್ಲಿ ಉತ್ಸಾಹ ಬಂದಿತ್ತು. ಇಂತಹ ಕೆಲಸಕ್ಕೆ ಮಳೆ ಶುರುವಾದ ಕೂಡಲೇ ಎದುರಾಗುವ ಪ್ರಶ್ನೆ ಒಣಗಿಸುವುದು ಎಲ್ಲಿ ಎಂಬುದೇ.

ದೊಡ್ಡ ಖರ್ಚಿಗೆ ಧೈರ್ಯ ಬಾರದಿದ್ದರೆ ಒಂದು ಪ್ರಯೋಗ ಮಾಡಿ. ಮನೆಬಳಕೆಯ ಡಿಹ್ಯುಮಿಡಿಫೈಯರ್ ಕೂಡ ಒಳಗೆ ಹೀಟ್ ಪಂಪೇ. ಕಿಟಕಿ ಸಂದುಗಳನ್ನು ಮುಚ್ಚಿದ ಸಣ್ಣ ಕೋಣೆಯಲ್ಲಿ ಅದನ್ನಿಟ್ಟು, ಒಂದು ಫ್ಯಾನ್ ಹಾಕಿ, ಐದಾರು ಕೆಜಿ ಜಾಯಿಪತ್ರೆ ಹರವಿ ನೋಡಿ. ಇಂಥವು ಸಾಮಾನ್ಯವಾಗಿ 35 ಡಿಗ್ರಿವರೆಗಿನ ಕೋಣೆಗೆ ಮಾತ್ರ ಆಗುತ್ತವೆ. ಹಾಗಾಗಿ ನಿಧಾನ. ಆದರೆ ಬಕೆಟ್ಟಿನಲ್ಲಿ ನೀರು ಸೇರುವುದನ್ನು ಕಣ್ಣಾರೆ ನೋಡಿದ ಮೇಲೆ ನಿರ್ಧಾರ ಸುಲಭವಾಗುತ್ತದೆ.

ಹಂತ 3: ಎರಡು ಜಾತಿ, ಹೆಸರು ಒಂದೇ

ಮಾರುಕಟ್ಟೆಯಲ್ಲಿ ಎರಡಕ್ಕೂ ಹೀಟ್ ಪಂಪ್ ಡ್ರೈಯರ್ ಎಂದೇ ಹೆಸರು. ಕೇಳಿ ತಿಳಿದುಕೊಳ್ಳಿ.

ಒಂದು, ಮುಚ್ಚಿದ ಸುತ್ತಿನದು. ಮೇಲೆ ಹೇಳಿದಂತೆ ಅದೇ ಗಾಳಿ ಒಳಗೇ ಸುತ್ತುತ್ತದೆ, ನೀರು ಮಾತ್ರ ಪೈಪಿನಲ್ಲಿ ಹೊರಗೆ ಬರುತ್ತದೆ. ಪರಿಮಳದ ಮಾಲಿಗೆ, ಕಡಿಮೆ ಬಿಸಿಗೆ, ಸುರಿಯುವ ಮಳೆಗೆ ಇದು ಉತ್ತಮ. ಒಂದು ತೊಡಕು ಇದೆ. ಕಂಪ್ರೆಸರ್ ಎಳೆದ ಕರೆಂಟೂ ಶಾಖವಾಗಿ ಒಳಗೇ ಸೇರುವುದರಿಂದ ಹೊತ್ತು ಹೋದಂತೆ ಒಳಗೆ ಬಿಸಿ ಜಾಸ್ತಿಯಾಗುತ್ತದೆ. ಆ ಹೆಚ್ಚುವರಿ ಬಿಸಿಯನ್ನು ಹೊರಗೆ ಹಾಕಲು ಯಂತ್ರದಲ್ಲಿ ಏನು ವ್ಯವಸ್ಥೆ ಇದೆ ಎಂದು ಕೇಳಲೇಬೇಕು. ಸಾಮಾನ್ಯವಾಗಿ ಹೊರಗೊಂದು ಎರಡನೇ ಕಾಯಿಲ್ ಇರುತ್ತದೆ.

ಇನ್ನೊಂದು, ತೆರೆದ ಸುತ್ತಿನದು. ಇದು ಹೊರಗಿನ ಗಾಳಿಯಿಂದ ಶಾಖ ಎಳೆದು ಒಳಗೆ ಕೊಡುತ್ತದೆ. ಒದ್ದೆ ಗಾಳಿಯನ್ನು ಆಗಾಗ ಫ್ಯಾನ್ ಮೂಲಕ ಹೊರಗೆ ಬಿಡುತ್ತದೆ. ಬೆಲೆ ಕಡಿಮೆ, ರಿಪೇರಿ ಸುಲಭ. 55–60 ಡಿಗ್ರಿಯಲ್ಲಿ ಒಣಗುವ ಬಾಳೆ, ಹಲಸಿಗೆ ಇದು ಸಾಕು. ಮಲೆನಾಡಿನ ಮಳೆಗಾಲದ 20–25 ಡಿಗ್ರಿಯಲ್ಲಿ ಹೊರಗಿನ ಗಾಳಿಯಲ್ಲಿ ಶಾಖಕ್ಕೆ ಬರ ಇಲ್ಲ. ಆದರೆ ಇದರಲ್ಲಿ ಬಕೆಟ್ಟಿಗೆ ನೀರು ಬರುವುದಿಲ್ಲ. ಲೆಕ್ಕವನ್ನು ಟ್ರೇಯ ತೂಕದಿಂದಲೇ ಮಾಡಬೇಕು.

ಹಂತ 4: ಮಾರುವವರನ್ನು ಕೇಳಬೇಕಾದ ಪ್ರಶ್ನೆಗಳು

ಗಂಟೆಗೆ ಎಷ್ಟು ಲೀಟರ್ ನೀರು ತೆಗೆಯುತ್ತದೆ? ಇದಕ್ಕೆ ಉತ್ತರ ಬಂದ ಕೂಡಲೇ ಮುಂದಿನ ಪ್ರಶ್ನೆ ಕೇಳಿ: ಯಾವ ಬಿಸಿಯಲ್ಲಿ, ಗಾಳಿಯ ತೇವಾಂಶ ಎಷ್ಟಿದ್ದಾಗ? ಒದ್ದೆ ಗಾಳಿಯಲ್ಲಿ ಅಳೆದ ಅಂಕಿ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ಮಾಲು ಅರ್ಧ ಒಣಗಿದ ಮೇಲೆ ಅದೇ ಯಂತ್ರ ಅದರ ಕಾಲುಭಾಗ ನೀರನ್ನೂ ತೆಗೆಯದೆ ಇರಬಹುದು.

ನಮ್ಮ 100 ಕೆಜಿ ಬಾಳೆಹಣ್ಣಿನ 69 ಲೀಟರ್ ನೀರು 20 ಗಂಟೆಯಲ್ಲಿ ಹೋಗಬೇಕಾದರೆ ಸರಾಸರಿ ಗಂಟೆಗೆ ಮೂರೂವರೆ ಲೀಟರ್. ಮೊದಲ ಗಂಟೆಗಳಲ್ಲಿ ಇದಕ್ಕಿಂತ ಹೆಚ್ಚು, ಕೊನೆಯಲ್ಲಿ ತೀರಾ ಕಡಿಮೆ. ಇದಕ್ಕೆ ಫ್ಯಾನ್‌ಗಳೂ ಸೇರಿ ಎರಡು, ಎರಡೂವರೆ ಕಿಲೋವಾಟ್ ಎಳೆಯುವ ಯಂತ್ರ ಬೇಕಾಗುತ್ತದೆ. ಕರೆಂಟ್ ಎಷ್ಟು ಎಂದು ಕೇಳುವಾಗ ಫ್ಯಾನ್ ಸೇರಿಸಿ ಹೇಳಿ ಎನ್ನಿ. ಬರೀ ಕಂಪ್ರೆಸರ್ ಲೆಕ್ಕ ಕೊಟ್ಟು ಸುಮ್ಮನಾಗುವವರಿದ್ದಾರೆ.

ಶಾಖ ಹೊತ್ತು ಕಾಯಿಲ್ ಒಳಗೆ ಸುತ್ತುವ ಗ್ಯಾಸ್ ಯಾವುದು ಎಂದೂ ಕೇಳಿ. ಆರ್-410ಎ ಇರುವ ಯಂತ್ರಗಳು 60 ಡಿಗ್ರಿ ಹತ್ತಿರ ಬಂದಾಗ ಕಷ್ಟಪಡುತ್ತವೆ. ಆರ್-134ಎ ಇನ್ನೂ ಹೆಚ್ಚಿನ ಬಿಸಿ ತಡೆಯುತ್ತದೆ. ಆರ್-290 ಎಂದರೆ ಪ್ರೊಪೇನ್. ಪರಿಸರಕ್ಕೆ ತುಂಬಾ ಒಳ್ಳೆಯದು, ಆದರೆ ಬೆಂಕಿ ಹಿಡಿಯುವ ಗ್ಯಾಸ್. ತಿಳಿದ ಮೆಕ್ಯಾನಿಕ್ ಮಾತ್ರ ಮುಟ್ಟಬೇಕು. ನಿಮ್ಮ ತಾಲ್ಲೂಕಿನಲ್ಲಿ ಆ ಗ್ಯಾಸ್ ತುಂಬುವವರು ಯಾರಿದ್ದಾರೆ ಎನ್ನುವುದು ಯಂತ್ರದ ಬ್ರ್ಯಾಂಡ್‌ಗಿಂತ ದೊಡ್ಡ ಪ್ರಶ್ನೆ.

ಮುರುಗಲಿನಂತಹ ಹುಳಿ ಮಾಲು ಒಣಗಿಸುವವರು ಕಾಯಿಲ್‌ಗೆ ಲೇಪನ ಇದೆಯೇ ಎಂದು ನೋಡಿ. ಹುಳಿ ಆವಿ ತಾಮ್ರ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಗೋಡೆಯ ಪ್ಯಾನೆಲ್ 50 ಮಿಲಿಮೀಟರ್ ಪಫ್ (ಬಿಸಿ ಸೋರದಂತೆ ತಡೆಯುವ ಫೋಮ್) ಇರಲಿ. ಬಾಗಿಲಿನ ರಬ್ಬರ್‌ನಲ್ಲಿ ಒಂದು ಕಾಗದ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಬಿಸಿಯೂ ಅಲ್ಲಿಂದಲೇ ಹೋಗುತ್ತದೆ.

ಸಹಾಯಧನಕ್ಕೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಆಹಾರ ಘಟಕಗಳಿಗೆ ಬ್ಯಾಂಕ್ ಸಾಲದ ಜೊತೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಎಂದು ಇಟ್ಟಿದ್ದರು. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿಯೇ ಮುಂಗಡ ಕೊಡಿ.

ಹಂತ 5: ಜಾಗ ಮತ್ತು ಕರೆಂಟ್

ನೆಲ ಮಟ್ಟಸವಾಗಿರಲಿ. ನೀರು ಹೋಗುವ ಪೈಪ್‌ಗೆ ಇಳಿಜಾರು ಇರಲಿ. ಅಡುಗೆಮನೆ, ಬಚ್ಚಲೊಲೆಯ ಹೊಗೆ ಬರುವ ಕಡೆ ಬೇಡ.

ಹಳ್ಳಿಯಲ್ಲಿ ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ ಬರುವುದಾದರೆ ಸಿಂಗಲ್ ಫೇಸ್ ಯಂತ್ರವೇ ಸರಿ. ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಸರ್ ಬೇಕೇ ಬೇಕು. ಕರೆಂಟ್ ಹೋಗಿ ಬಂದಾಗ ಕಂಪ್ರೆಸರ್ ಕೂಡಲೇ ಶುರುವಾಗಬಾರದು. ಮೂರು ನಿಮಿಷದ ವಿರಾಮ ಕೊಡುವ ವ್ಯವಸ್ಥೆ ಒಳಗೇ ಇದೆಯೇ ನೋಡಿ. ಪಂಪ್‌ಸೆಟ್‌ನ ಕೃಷಿ ಸಂಪರ್ಕದಿಂದ ಡ್ರೈಯರ್ ಓಡಿಸುವುದು ಕಾನೂನಿಗೆ ವಿರುದ್ಧ. ಬೇರೆ ಮೀಟರ್ ಹಾಕಿಸಿ. ಬೇರೆ ಮೀಟರ್ ಇದ್ದರೆ ನಮ್ಮ ಲೆಕ್ಕವೂ ಸುಲಭ.

ಹಂತ 6: ಟ್ರೇ ತುಂಬುವುದು

ಕಂಪ್ರೆಸರ್‌ಗಿಂತ ಮೊದಲು ನೀರು ತೆಗೆಯುವ ಕೆಲಸ ನಿಮ್ಮ ಕೈಯದು. ತೊಳೆದ ಮಾಲನ್ನು ಒದ್ದೆಯಾಗಿಯೇ ಒಳಗೆ ಇಡಬೇಡಿ. ಜರಡಿಯಲ್ಲಿ ಬಸಿಯಲು ಬಿಡಿ, ಒಂದು ಗಂಟೆ ಫ್ಯಾನ್ ಕೆಳಗೆ ಹರವಿ. ಮೇಲ್ಮೈಯ ಎರಡು ಲೀಟರ್ ನೀರು ಅಲ್ಲೇ ಹೋದರೆ ಒಂದು ಯೂನಿಟ್‌ಗಿಂತ ಜಾಸ್ತಿ ಉಳಿಯಿತು.

ಹೋಳುಗಳೆಲ್ಲ ಒಂದೇ ದಪ್ಪ ಇರಲಿ. ಬಾಳೆಕಾಯಿಗೆ 3–4 ಮಿಲಿಮೀಟರ್ ಸರಿ. ದಪ್ಪ ದುಪ್ಪಟ್ಟಾದರೆ ಒಣಗುವ ಹೊತ್ತು ದುಪ್ಪಟ್ಟಿಗಿಂತ ಬಹಳ ಹೆಚ್ಚಾಗುತ್ತದೆ.

ಒಂದು ಚದರ ಮೀಟರ್ ಟ್ರೇಗೆ ಐದು ಕೆಜಿ ಹೋಳು ಸಾಕು. ಸಾಮಾನ್ಯವಾಗಿ ಸಿಗುವ 32 ಇಂಚು ಉದ್ದ, 16 ಇಂಚು ಅಗಲದ ಟ್ರೇಗೆ ಒಂದೂವರೆ ಕೆಜಿ ಚಿಲ್ಲರೆ. 100 ಕೆಜಿಗೆ 60ಕ್ಕಿಂತ ಹೆಚ್ಚು ಟ್ರೇ ಬೇಕಾಗುತ್ತದೆ. ಜಾಲರಿ ಟ್ರೇ ಆದರೆ ಗಾಳಿ ಎರಡೂ ಕಡೆ ಆಡುತ್ತದೆ. ಅರ್ಧ ಮಾತ್ರ ಮಾಲಿದ್ದರೆ ಖಾಲಿ ಟ್ರೇಗಳ ಜಾಗವನ್ನು ತಗಡಿನಿಂದ ಮುಚ್ಚಿ. ಇಲ್ಲದಿದ್ದರೆ ಗಾಳಿ ಮಾಲನ್ನು ಬಿಟ್ಟು ಖಾಲಿ ಜಾಗದಲ್ಲೇ ನುಗ್ಗುತ್ತದೆ.

ಒಂದು ಟ್ರೇಗೆ ದಾರ ಕಟ್ಟಿ ಗುರುತು ಮಾಡಿ. ಅದರ ತೂಕ ಬರೆದಿಡಿ. ಇನ್ನು ಮುಂದೆ ಅದೇ ನಿಮ್ಮ ಗಡಿಯಾರ.

ಹಂತ 7: ಓಡಿಸುವುದು

ಮೊದಲ ವರ್ಷ ನಾವು ಬಾಳೆಹಣ್ಣಿಗೆ ಶುರುವಿನಿಂದಲೇ 65 ಡಿಗ್ರಿ ಕೊಟ್ಟೆವು. ಬೇಗ ಆಗಲಿ ಎಂಬ ಆಸೆ. ಮೇಲ್ಮೈ ಚರ್ಮದಂತೆ ಬಿಗಿದುಕೊಂಡಿತು. ಮುಟ್ಟಿದರೆ ಒಣಗಿದಂತೆ ಕಂಡಿತು. ಡಬ್ಬ ತುಂಬಿಸಿ ಎರಡು ವಾರದಲ್ಲಿ ತೆರೆದರೆ ಒಳಗೆ ಬೂಷ್ಟು. ಒಳಗಿನ ನೀರಿಗೆ ಹೊರಬರಲು ದಾರಿ ಮುಚ್ಚಿಹೋಗಿತ್ತು. ಅಷ್ಟು ಹಣ್ಣನ್ನು ಗೊಬ್ಬರದ ಗುಂಡಿಗೆ ಹಾಕುವಾಗ ಅತ್ತೆ ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ನೋವಾಯಿತು.

ಹಾಗಾಗಿ ಮೊದಲು ಮೆತ್ತಗೆ. ಬಾಳೆಹಣ್ಣು, ಹಲಸಿನ ತೊಳೆಗೆ 50ರಿಂದ ಶುರು ಮಾಡಿ, ನಾಲ್ಕೈದು ಗಂಟೆಯಾದ ಮೇಲೆ 55–60ಕ್ಕೆ ಏರಿಸಿ. ಏಲಕ್ಕಿಯ ಹಸಿರು ಉಳಿಯಬೇಕಾದರೆ 45–50. ಜಾಯಿಪತ್ರೆಗೂ ಅಷ್ಟೇ. ಜಾಯಿಕಾಯಿ ಬೀಜವನ್ನು 45 ಡಿಗ್ರಿ ದಾಟಿಸಲೇಬಾರದು, ಒಳಗಿನ ಕೊಬ್ಬು ಕರಗುತ್ತದೆ. ತುಳಸಿ, ಪುದೀನ, ಕರಿಬೇವಿಗೆ 40ರ ಆಸುಪಾಸು. ಬಿತ್ತನೆ ಬೀಜಕ್ಕೆ 40ರ ಒಳಗೆ.

ಪತ್ರೆಯನ್ನೂ ಬಾಳೆಹಣ್ಣನ್ನೂ ಒಟ್ಟಿಗೆ ಇಡಬೇಡಿ. ಮುಚ್ಚಿದ ಸುತ್ತಿನಲ್ಲಿ ಒಂದರ ವಾಸನೆ ಇನ್ನೊಂದಕ್ಕೆ ಖಂಡಿತ ಹತ್ತುತ್ತದೆ.

ಬಾಗಿಲು ತೆರೆಯುವ ಆಸೆ ತಡೆದುಕೊಳ್ಳಿ. ಒಮ್ಮೆ ತೆರೆದರೆ ಒಣಗಿಸಿಟ್ಟ ಗಾಳಿಯೆಲ್ಲ ಹೊರಗೆ, ಮಳೆಯ ಗಾಳಿ ಒಳಗೆ. ಮೂರು ಗಂಟೆಗೊಮ್ಮೆ ಗುರುತಿನ ಟ್ರೇ ತೂಗಿದರೆ ಸಾಕು. ಅದೇ ಹೊತ್ತಿಗೆ ಬಕೆಟ್ಟಿನ ನೀರು ಅಳೆಯಿರಿ, ಮೀಟರ್ ಓದಿ. ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಟ್ರೇಗಳಿಂದ 20 ಕೆಜಿ ಇಳಿದಿದೆ, ಬಕೆಟ್ಟಿನಲ್ಲಿ 14 ಲೀಟರ್ ಮಾತ್ರ ಇದೆ ಎಂದರೆ ಉಳಿದ ಆವಿ ಸಂದಿನಿಂದ ಸೋರುತ್ತಿದೆ. ಜೊತೆಗೆ ನೀವು ದುಡ್ಡು ಕೊಟ್ಟ ಶಾಖವೂ.

ಹಂತ 8: ಕೊನೆಯ ಗಂಟೆಗಳ ಜಾಣತನ

ಕರೆಂಟ್ ಉಳಿಸುವ ಅತಿ ದೊಡ್ಡ ಅವಕಾಶ ಇಲ್ಲಿದೆ, ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಶುರುವಿನಲ್ಲಿ ಯೂನಿಟ್‌ಗೆ ಎರಡು ಲೀಟರ್ ಕೊಟ್ಟ ಯಂತ್ರ, ಕೊನೆಯಲ್ಲಿ ಅರ್ಧ ಲೀಟರನ್ನೂ ಕೊಡದಿರಬಹುದು. ಒಳಗಿನ ಗಾಳಿ ಒಣಗಿರುತ್ತದೆ, ಕಾಯಿಲ್ ಮೇಲೆ ಹನಿ ಕಟ್ಟುವುದಿಲ್ಲ. ಮಾಲಿನ ಆಳದ ನೀರು ನಿಧಾನಕ್ಕೆ ಮೇಲೆ ಬರುತ್ತಿರುತ್ತದೆ. ಕಂಪ್ರೆಸರ್ ಮಾತ್ರ ಓಡುತ್ತಲೇ ಇರುತ್ತದೆ.

ನಾವು ಹೀಗೆ ಮಾಡುತ್ತೇವೆ. ನಿಮ್ಮ ಪಟ್ಟಿಯಲ್ಲಿ ಯೂನಿಟ್‌ಗೆ ಒಂದು ಲೀಟರಿಗಿಂತ ಕೆಳಗೆ ಇಳಿದಾಗ ಆ ಬ್ಯಾಚ್ ತೆಗೆದು, ಗಾಳಿಯಾಡದ ಡ್ರಮ್ಮಿನಲ್ಲಿ ಒಂದು ರಾತ್ರಿ ಮುಚ್ಚಿಡಿ. ಒಳಗಿನ ನೀರು ಮೇಲ್ಮೈಗೆ ಹರಡಿಕೊಳ್ಳುತ್ತದೆ. ಆ ಹೊತ್ತಿಗೆ ಹೊಸ ಬ್ಯಾಚ್ ಒಳಗೆ ಹೋಗಲಿ. ಹೀಗೆ ಎರಡು ಬ್ಯಾಚ್‌ನ ಮುಕ್ಕಾಲು ಒಣಗಿದ ಮಾಲನ್ನು ಒಟ್ಟು ಸೇರಿಸಿ, ಕೊನೆಯ ಒಣಗುವಿಕೆಯನ್ನು ಒಂದೇ ಸಲ ಮುಗಿಸಿ. ಒಣಗಿದ ಮೇಲೆ ಮಾಲು ಕುಗ್ಗಿರುವುದರಿಂದ ಎರಡು ಬ್ಯಾಚ್‌ಗೂ ಟ್ರೇ ಸಾಕಾಗುತ್ತದೆ. ನಡುವೆ ಒಂದು ದಿನ ಬಿಸಿಲು ಬಂದರೆ ಕೊನೆಯ ಹಂತ ಅಂಗಳದಲ್ಲೇ ಆಗಲಿ. ಡ್ರಮ್ಮಿನಲ್ಲಿ ಒಂದು ರಾತ್ರಿಗಿಂತ ಹೆಚ್ಚು ಇಡಬೇಡಿ, ಬೂಷ್ಟಿಗೆ ಅಷ್ಟು ತೇವ ಸಾಕು.

ನಿಲ್ಲಿಸುವುದು ಯಾವಾಗ? ಕೈಯ ಅಂದಾಜಿನ ಮೇಲಲ್ಲ, ತೂಕದ ಮೇಲೆ. 1,600 ಗ್ರಾಂ ಬಾಳೆಹಣ್ಣು ಹಾಕಿದ ಗುರುತಿನ ಟ್ರೇಯಲ್ಲಿ 500 ಗ್ರಾಂ ಉಳಿದಾಗ ಶೇ. 20ರ ಹದ ಬಂತು. ಅದಕ್ಕಿಂತ ಮುಂದೆ ಓಡಿಸಿದ ಪ್ರತಿ ಗಂಟೆಯೂ ಕರೆಂಟ್ ನಷ್ಟ, ತೂಕವೂ ನಷ್ಟ.

ಹಂತ 9: ತಣಿಸಿ, ತುಂಬಿ

ಬಿಸಿ ಇರುವಾಗ ಪ್ಯಾಕ್ ಮಾಡಿದರೆ ಒಳಗೆ ಬೆವರುತ್ತದೆ. ಹೊರಗಿಟ್ಟು ತಣಿಸಿದರೆ ಮಳೆಯ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹೀಟ್ ನಿಲ್ಲಿಸಿ ಬಾಗಿಲು ಹಾಕಿದಂತೆಯೇ ಫ್ಯಾನ್ ಮಾತ್ರ ಓಡಿಸಿ ಅರ್ಧ ಗಂಟೆ ತಣಿಸಿ. ಆಮೇಲೆ ಕೂಡಲೇ ದಪ್ಪ ಪ್ಲಾಸ್ಟಿಕ್ಕಿಗೆ ತುಂಬಿ ಸೀಲ್ ಮಾಡಿ. ಹಣ್ಣಾದರೆ ಒಂದು ವಾರ ದೊಡ್ಡ ಡಬ್ಬದಲ್ಲಿಟ್ಟು ದಿನಾ ಕುಲುಕಿ. ಗೋಡೆಯಲ್ಲಿ ಹನಿ ಕಂಡರೆ ಮತ್ತೆ ಟ್ರೇಗೆ. ಮಾರುವುದಾದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಉತ್ಪನ್ನದ ಬಗ್ಗೆ ಅನುಮಾನ ಇದ್ದರೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಕೇಳಬಹುದು.

ಹಂತ 10: ಯಂತ್ರ ಕೇಳುವ ಸೇವೆ

ಫಿಲ್ಟರ್ ಪ್ರತಿ ಬ್ಯಾಚ್ ಆದ ಮೇಲೆ ತೊಳೆಯಿರಿ. ಕಾಯಿಲ್‌ನ ರೆಕ್ಕೆಗಳ ಮೇಲೆ ಹಣ್ಣಿನ ಅಂಟು, ಎಲೆಯ ಪುಡಿ ಕೂತಿದ್ದರೆ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಜೋರು ನೀರು ಹಾಯಿಸಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ನೀರಿನ ಪೈಪಿನಲ್ಲಿ ಲೋಳೆ ಕಟ್ಟುತ್ತದೆ, ತಿಂಗಳಿಗೊಮ್ಮೆ ಬಿಸಿನೀರು ಹಾಕಿ. ಬಕೆಟ್ಟಿನ ನೀರು ಗಿಡಕ್ಕೆ ಹಾಕಿ, ಕುಡಿಯಲು ಬೇಡ.

ತೂಕ, ನೀರು, ಮೀಟರ್ ಲೆಕ್ಕ ಬರೆದ ಪುಸ್ತಕ ಎಸೆಯಬೇಡಿ. ಮುಂದಿನ ವರ್ಷ ಅದೇ ಮಾಲು, ಅದೇ ದಪ್ಪ, ಅದೇ ಬಿಸಿ ಇದ್ದೂ ಯೂನಿಟ್‌ಗೆ ಬರುತ್ತಿದ್ದ ನೀರು ಒಂದೂವರೆಯಿಂದ ಒಂದಕ್ಕೆ ಇಳಿದಿದ್ದರೆ ಮೊದಲು ಫಿಲ್ಟರ್ ನೋಡಿ, ಆಮೇಲೆ ಬಾಗಿಲಿನ ರಬ್ಬರ್, ಆಮೇಲೆ ಕಾಯಿಲ್. ಮೂರೂ ಸರಿ ಇದ್ದು, ತಣ್ಣನೆಯ ಕಾಯಿಲ್‌ನ ಒಂದು ಮೂಲೆಯಲ್ಲಿ ಮಾತ್ರ ಮಂಜು ಕಟ್ಟುತ್ತಿದ್ದರೆ ಗ್ಯಾಸ್ ಸೋರಿದೆ ಎಂದೇ ಅನುಮಾನಿಸಬೇಕು. ಸುಮ್ನೆ ಗ್ಯಾಸ್ ತುಂಬಿಸಿ ಕಳಿಸುವ ಮೆಕ್ಯಾನಿಕ್‌ಗೆ, ಮೊದಲು ಸೋರುವ ಜಾಗ ಹುಡುಕಿ ಮುಚ್ಚಪ್ಪಾ ಎಂದು ಹೇಳಿ.